ಬೂತಾಯಿಯ ಹೊಟ್ಟೆಯಲ್ಲೊಂದು ಗರಗಸ

ಮುಂದಿನ ಸಲ ಮನೆಗೆ ಬೂತಾಯಿ ತಂದಾಗ ಕತ್ತಿ ಹಚ್ಚುವ ಮುಂಚೆ ಒಂದು ಕೆಲಸ ಮಾಡಿ. ಒಂದು ಮೀನನ್ನು ಎಡಗೈಯಲ್ಲಿ ಮಗುಚಿ ಹಿಡಿದು, ಬಲಗೈಯ ತೋರುಬೆರಳನ್ನು ಅದರ ಹೊಟ್ಟೆಯ ಅಂಚಿನ ಮೇಲೆ ತಲೆಯಿಂದ ಬಾಲದ ಕಡೆಗೆ ಎಳೆಯಿರಿ. ಬೆಣ್ಣೆ ಸವರಿದ ಹಾಗೆ ಬೆರಳು ಜಾರಿ ಹೋಗುತ್ತದೆ. ಈಗ ಅದೇ ಬೆರಳನ್ನು ಬಾಲದಿಂದ ತಲೆಯ ಕಡೆಗೆ ಮೆಲ್ಲಗೆ ತನ್ನಿ. ಚರ್ರೆಂದು ಏನೋ ತಡೆಯುತ್ತದೆ. ಸಣ್ಣ ಸಣ್ಣ ಹಲ್ಲುಗಳು! ಒಂದರ ಹಿಂದೊಂದು, ಗಂಟಲ ಬುಡದಿಂದ ಗುದದ್ವಾರದವರೆಗೆ, ಬಡಗಿಯ ಗರಗಸದ ಹಾಗೆ ಸಾಲುಗಟ್ಟಿ ನಿಂತಿವೆ.

ಬುದ್ಧಿ ಬಂದಾಗಿನಿಂದ ಬೂತಾಯಿ ತಿಂದವನು ನಾನು. ಪುಳಿಮುಂಚಿ ಮಾಡಿ ತಿಂದಿದ್ದೇನೆ, ಕಾವಲಿಯ ಮೇಲೆ ಹುರಿದು ತಿಂದಿದ್ದೇನೆ, ನಿನ್ನೆಯ ಸಾರನ್ನು ಇವತ್ತಿನ ಕುಚ್ಚಲಕ್ಕಿ ಗಂಜಿಗೆ ಸುರಿದುಕೊಂಡು ತಿಂದಿದ್ದೇನೆ. ಈ ಗರಗಸ ಮಾತ್ರ ನನ್ನ ಲಕ್ಷ್ಯಕ್ಕೆ ಬಂದಿರಲೇ ಇಲ್ಲ. ಮೀನು ಮಾರುವ ಅಕ್ಕ ಒಬ್ಬರು ನಾನು ಮೀನು ಹಿಡಿದ ರೀತಿ ನೋಡಿ, ‘ಹಾಗೆ ಉಲ್ಟಾ ಉಜ್ಜಬೇಡಿ, ಕೈ ಗೀರುತ್ತದೆ’ ಎಂದರು. ಆ ಒಂದು ಮಾತು ನನ್ನನ್ನು ಅಡುಗೆಮನೆಯಿಂದ ಹೊರಡಿಸಿ ಅಮೆಜಾನಿಗೆ, ಟಾಂಗನ್ಯೀಕಾ ಸರೋವರಕ್ಕೆ, ಐದು ಕೋಟಿ ವರ್ಷ ಹಳೆಯ ಕಲ್ಲಿನ ಪದರಗಳಿಗೆ ಕರೆದುಕೊಂಡು ಹೋಯಿತು.

ಏಕೆಂದರೆ ಈ ಗರಗಸ ಒಂದು ಮನೆತನದ ಗುರುತು. ನಾರ್ವೆಯ ಹೆರಿಂಗ್, ಬಂಗಾಳಿಗಳು ಪ್ರಾಣ ಬಿಡುವ ಇಲಿಷ್, ಅಮೆರಿಕದ ನದಿಗಳನ್ನೇರುವ ಶಾಡ್, ಮಲ್ಪೆಯ ಬೂತಾಯಿ, ಇವೆಲ್ಲವೂ ಹೊಟ್ಟೆಯಡಿ ಇದೇ ಗುರುತು ಹೊತ್ತ ದಾಯಾದಿಗಳು. ಕ್ಲುಪಿಫಾರ್ಮಿಸ್ ಎಂಬ ಈ ಗಣದಲ್ಲಿ 400ಕ್ಕೂ ಹೆಚ್ಚು ಪ್ರಭೇದಗಳಿವೆ!

ಅಂಗೈ ಮೇಲಿನ ಗುರುತುಗಳು

ಮೀನನ್ನು ಇನ್ನೂ ಕೆಳಗಿಡಬೇಡಿ. ಕಿಟಕಿಯ ಬೆಳಕಿಗೆ ತನ್ನಿ, ಸಾಧ್ಯವಾದರೆ ಮಕ್ಕಳ ಭೂತಗನ್ನಡಿಯನ್ನೂ ತನ್ನಿ.

ಗರಗಸದ ಪ್ರತಿ ಹಲ್ಲೂ ಒಂದು ಮಾರ್ಪಟ್ಟ ಹುರುಪೆ. ಉಳಿದ ಹುರುಪೆಗಳು ಕಾಗದದ ಹಾಗೆ ತೆಳ್ಳಗಿದ್ದರೆ ಇವು ಗಟ್ಟಿಯಾಗಿ ಮಡಚಿಕೊಂಡು, ಹಿಂದಕ್ಕೆ ಬಾಗಿದ ಒಂದು ಮೊನೆಯನ್ನು ಕೆಳಗೆ ಚಾಚಿ, ಎರಡು ತೋಳುಗಳನ್ನು ಪಕ್ಕೆಯ ಮೇಲಕ್ಕೆ ಎತ್ತಿವೆ. ಬೂತಾಯಿಯ ಹೊಟ್ಟೆಯಡಿ ಇಂಥವು ಸುಮಾರು 30. ಮೊನೆ ಹಿಂದಕ್ಕೆ ಬಾಗಿರುವುದರಿಂದಲೇ ಬೆರಳು ಒಂದು ಕಡೆಗೆ ಜಾರುತ್ತದೆ, ಇನ್ನೊಂದು ಕಡೆಗೆ ತಡೆಯುತ್ತದೆ.

ಈಗ ಬೆನ್ನು ನೋಡಿ. ಒಂದೇ ಒಂದು ರೆಕ್ಕೆ, ಬೆನ್ನಿನ ನಡುಮಧ್ಯೆ, ಗಿಡ್ಡ. ಅದರಲ್ಲಿ ಚುಚ್ಚುವ ಮುಳ್ಳಿಲ್ಲ, ಎಲ್ಲವೂ ಮೆತ್ತನೆಯ ಕಡ್ಡಿಗಳು. ಪಕ್ಕದ ಬುಟ್ಟಿಯಲ್ಲಿರುವ ಬಂಗುಡೆಗೆ ಬೆನ್ನ ಮೇಲೆ ಎರಡು ರೆಕ್ಕೆ, ಬಾಲದ ಹತ್ತಿರ ಪುಟ್ಟ ಕಿರುರೆಕ್ಕೆಗಳ ಸಾಲು. ಹೊಟ್ಟೆಯ ಜೋಡಿ ರೆಕ್ಕೆ ಬಂಗುಡೆಯಲ್ಲಿ ಎದೆಯ ಹತ್ತಿರ ಬಂದಿದೆ, ಬೂತಾಯಿಯಲ್ಲಿ ಹಿಂದೆ, ನಡುಹೊಟ್ಟೆಯಲ್ಲೇ ಉಳಿದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಆಮೇಲೆ ಎಂದೂ ಗೊಂದಲವಾಗುವುದಿಲ್ಲ.

ಇನ್ನೊಂದು ಗುರುತು ನನ್ನನ್ನು ಬೆಚ್ಚಿಬೀಳಿಸಿತು. ಬಹುತೇಕ ಮೀನುಗಳ ಪಕ್ಕೆಯಲ್ಲಿ ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಓಡುತ್ತದೆ. ಅದು ಪಾರ್ಶ್ವರೇಖೆ, ನೀರಿನ ಅಲುಗಾಟ ತಿಳಿಯುವ ಇಂದ್ರಿಯ. ಬೂತಾಯಿಯ ಮೈಮೇಲೆ ಆ ರೇಖೆಯನ್ನು ಹುಡುಕಿ. ಇಲ್ಲ! ಲಕ್ಷಗಟ್ಟಲೆ ಜೊತೆಗಾರರ ಮಧ್ಯೆ ಒಬ್ಬರಿಗೊಬ್ಬರು ತಾಗದೆ ಓಡುವ ಮೀನಿಗೇ ಆ ಇಂದ್ರಿಯ ಇಲ್ಲವೇ? ಇದೆ, ತಲೆಯೊಳಗೆ ಅಡಗಿ ಕೂತಿದೆ. ಕೆನ್ನೆಯ ಮೇಲೆ, ಕಿವಿರಿನ ಮುಚ್ಚಳದ ಮೇಲೆ, ಚರ್ಮದಡಿ, ಮರದ ಬೇರಿನ ಹಾಗೆ ಕವಲೊಡೆದ ಸೂಕ್ಷ್ಮ ನಾಳಗಳಿವೆ. ಅವೆಲ್ಲ ಬಂದು ಸೇರುವುದು ತಲೆಬುರುಡೆಯೊಳಗೆ ಕಿವಿಯ ಪಕ್ಕದ ಒಂದು ಪುಟ್ಟ ಕೋಣೆಗೆ. ರಿಸೆಸಸ್ ಲ್ಯಾಟರಾಲಿಸ್ ಎಂಬ ಆ ಕೋಣೆ ಈ ಗಣದ ಮೀನುಗಳಿಗೆ ಮಾತ್ರ ಇದೆ, ಜಗತ್ತಿನ ಬೇರಾವ ಮೀನಿಗೂ ಇಲ್ಲ. ಹೊಟ್ಟೆಯ ಗರಗಸ ಬೆರಳಿಗೆ ಸಿಗುವ ಗುರುತಾದರೆ, ಇದು ಒಳಗಿನ ಮುದ್ರೆ.

ಆ ಕೋಣೆಯ ನೆರೆಯಲ್ಲೇ ಇನ್ನೊಂದು ವಿಸ್ಮಯ. ಮೀನಿನ ಗಾಳಿಚೀಲದಿಂದ ಎರಡು ಕೂದಲೆಳೆಯ ನಾಳಗಳು ಹೊರಟು ತಲೆಬುರುಡೆಯನ್ನು ಹೊಕ್ಕು, ಒಳಗಿವಿಯ ಬಳಿ ಗುಳ್ಳೆಗಳಾಗಿ ಉಬ್ಬುತ್ತವೆ. ಶಬ್ದದ ಒತ್ತಡ ಆ ಗುಳ್ಳೆಗಳನ್ನು ನಡುಗಿಸುತ್ತದೆ, ಮೀನು ಕೇಳಿಸಿಕೊಳ್ಳುತ್ತದೆ. ಎಷ್ಟು ಚೆನ್ನಾಗಿ? ಮನುಷ್ಯನ ಕಿವಿ 20 ಕಿಲೋಹರ್ಟ್ಜ್‌ಗೆ ಕೈ ಚೆಲ್ಲುತ್ತದೆ. ಅಮೆರಿಕನ್ ಶಾಡ್ 180 ಕಿಲೋಹರ್ಟ್ಜ್‌ವರೆಗೂ ಕೇಳಬಲ್ಲದೆಂದು 1997ರಲ್ಲಿ ಮ್ಯಾನ್, ಲೂ ಮತ್ತು ಪಾಪರ್ ಎಂಬ ವಿಜ್ಞಾನಿಗಳು ತೋರಿಸಿದರು. ಡಾಲ್ಫಿನ್‌ಗಳು ಬೇಟೆ ಹುಡುಕಲು ಹೊರಡಿಸುವ ಕಿಟಿಕಿಟಿ ಸದ್ದು ಅದೇ ಎತ್ತರದ ಸ್ವರದ್ದು. ಬೇಟೆಗಾರನ ಹೆಜ್ಜೆ ಸಪ್ಪಳವನ್ನು ಬೇಟೆ ಕೇಳಿಸಿಕೊಳ್ಳುತ್ತಿದೆ!

ಕಿವಿರಿನ ಮುಚ್ಚಳ ಎತ್ತಿ ನೋಡಿ. ಕೆಂಪು ಎಸಳುಗಳ ಎದುರು ಬದಿಯಲ್ಲಿ ಬಿಳಿ ಕಡ್ಡಿಗಳ ಒತ್ತಾದ ಬಾಚಣಿಗೆ ಕಾಣುತ್ತದೆ. ಮೊದಲ ಕಿವಿರಿನ ಕೆಳತೋಳು ಒಂದರಲ್ಲೇ ಬೂತಾಯಿಗೆ 150ರಿಂದ 250ರವರೆಗೆ ಕಡ್ಡಿಗಳು. ಇದು ಅದರ ಜರಡಿ. ಬಾಯಿ ತೆರೆದುಕೊಂಡು ಈಜುತ್ತದೆ, ನೀರು ಕಿವಿರಿನಿಂದ ಹೊರಗೆ, ಕಣ್ಣಿಗೆ ಕಾಣದ ಪ್ಲವಕಗಳು ಜರಡಿಯಲ್ಲಿ. ಗಾಜಿನಂಥ ಚಿಪ್ಪಿನ ಡಯಾಟಮ್ ಎಂಬ ಏಕಕೋಶ ಪಾಚಿ, ಅದರಲ್ಲೂ ಫ್ರಾಜಿಲೇರಿಯ ಓಷಿಯಾನಿಕಾ, ಇದಕ್ಕೆ ಬಲು ಇಷ್ಟ. ವೈದ್ಯರು ಹೊಗಳುವ ಒಮೆಗಾ-3 ಎಣ್ಣೆ ಹುಟ್ಟುವುದು ಇಂಥ ಪಾಚಿಗಳಲ್ಲೇ. ಅದು ಬೂತಾಯಿಯ ಮೈಯಲ್ಲಿ ಕೂಡಿ, ನಮ್ಮ ಕಾವಲಿಯಲ್ಲಿ ಕರಗಿ ಚುರುಗುಟ್ಟುತ್ತದೆ.

ಬೆಳ್ಳಿಯ ಗುಟ್ಟು

ಮೀನು ಬಿಟ್ಟ ಮೇಲೂ ಕೈಗೆ ಹುರುಪೆ ಅಂಟಿಕೊಂಡಿದೆ ಅಲ್ಲವೇ? ಸೀರೆಯ ಚಮಕಿಯ ಹಾಗೆ ಉದುರುವುದೂ ಈ ಮನೆತನದ ಲಕ್ಷಣವೇ. ಆ ಹೊಳಪು ಗ್ವಾನೀನ್ ಎಂಬ ವಸ್ತುವಿನ ಹರಳುಗಳದ್ದು. ನಮ್ಮ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಅದೇ ಗ್ವಾನೀನ್! ಹೆರಿಂಗ್ ಹುರುಪೆಯಿಂದ ಅದನ್ನು ತೆಗೆದು ಕೃತಕ ಮುತ್ತುಗಳಿಗೆ ಹೊಳಪು ಕೊಡುವ ಉದ್ಯಮವೇ ಬೆಳೆಯಿತು.

ಹೊಳಪಿನೊಳಗೆ ಇನ್ನೊಂದು ಸೂಕ್ಷ್ಮವಿದೆ. ಮಾಮೂಲಿ ಪದರಗಳಿಂದ ಪ್ರತಿಫಲಿಸಿದ ಬೆಳಕು ಕೆಲವು ಕೋನಗಳಲ್ಲಿ ಧ್ರುವೀಕರಣಗೊಳ್ಳುತ್ತದೆ, ಪ್ರತಿಫಲನ ಮಂಕಾಗುತ್ತದೆ. ಅಂಥ ಮೀನು ಬೇಟೆಗಾರನ ಕಣ್ಣಿಗೆ ಎದ್ದು ಕಾಣುತ್ತದೆ. ಹೆರಿಂಗ್, ಸಾರ್ಡಿನ್, ಸ್ಪ್ರಾಟ್‌ಗಳ ಚರ್ಮದಲ್ಲಿ ಎರಡು ಬಗೆಯ ಗ್ವಾನೀನ್ ಹರಳುಗಳು ಬೆರೆತಿದ್ದು, ಯಾವ ಕೋನದಿಂದ ನೋಡಿದರೂ ಹೊಳಪು ಕುಗ್ಗುವುದಿಲ್ಲವೆಂದು 2012ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದರು. ಬೇಟೆಗಾರನಿಗೆ ಕಾಣುವುದು ಸುತ್ತಲಿನ ಸಮುದ್ರದ್ದೇ ಪ್ರತಿಬಿಂಬ. ಬುಟ್ಟಿಯಲ್ಲಿ ಕಣ್ಣು ಕೋರೈಸುವ ಬೆಳ್ಳಿ, ನೀರಿನೊಳಗೆ ಮಾಯವಾಗುವ ವಿದ್ಯೆ!

ದಾಯಾದಿಗಳ ಸಂತೆ

ಇಷ್ಟು ಗುರುತು ಹಿಡಿದುಕೊಂಡು ಮೀನು ಮಾರ್ಕೆಟ್ಟಿಗೆ ಹೋದರೆ ಇಡೀ ವಂಶವೃಕ್ಷ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಹಂದಿಮೂತಿಯಂತೆ ಮೂಗು ಮುಂದೆ ಚಾಚಿ, ಬಾಯಿ ಅದರ ಅಡಿಗೆ ಸರಿದು, ದವಡೆಯ ಮೂಳೆ ಕಣ್ಣನ್ನೂ ದಾಟಿ ಹಿಂದೆ ಹೋಗಿದ್ದರೆ ಅದು ಎಂಗ್ರಾಲಿಡೆ ಕುಟುಂಬ. ನಮ್ಮ ಬೊಳೆಂಜಿರ್, ಮಣಂಗು ಅಲ್ಲಿಯವು. ಕೆಳದವಡೆ ಮೇಲಕ್ಕೆತ್ತಿ, ಗುದದ ರೆಕ್ಕೆ ಹೊಟ್ಟೆಯಡಿ ಉದ್ದಕ್ಕೆ ಝಾಲರಿ ಕಟ್ಟಿದ್ದರೆ ಪ್ರಿಸ್ಟಿಗ್ಯಾಸ್ಟರಿಡೆ. ಕತ್ತಿಯಂತೆ ಉದ್ದ, ಚಪ್ಪಟೆ, ಬಾಯಲ್ಲಿ ಕೋರೆಹಲ್ಲು ಇದ್ದರೆ ಅದು ತೋಳ ಹೆರಿಂಗ್, ಕೊಂಕಣಿ ಮರಾಠಿಯವರ ಕರ್ಲಿ. ಪ್ಲವಕ ಜರಡಿ ಹಿಡಿಯುವ ಮನೆತನದಲ್ಲಿ ಹುಟ್ಟಿ ಮೀನುಗಳನ್ನೇ ಬೇಟೆಯಾಡಲು ಹೊರಟ, ಒಂದು ಮೀಟರಿನವರೆಗೂ ಬೆಳೆಯುವ ಈ ಮೀನಿನ ಕುಟುಂಬದಲ್ಲಿ ಇರುವುದು ಎರಡೇ ಪ್ರಭೇದ. ಕೆಂಪು ಸಮುದ್ರದಿಂದ ಜಪಾನ್, ಆಸ್ಟ್ರೇಲಿಯಾವರೆಗೆ ಅವುಗಳ ಓಡಾಟ. ಹೊಟ್ಟೆಯ ಗರಗಸವನ್ನು ಈ ಕುಟುಂಬ ಕಳಚಿ ಎಸೆದಿದೆ.

ಬೂತಾಯಿಗೆ ವಿಜ್ಞಾನದಲ್ಲಿ ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ಎಂದು ಹೆಸರಿಟ್ಟದ್ದು ಫ್ರಾನ್ಸಿನ ವ್ಯಾಲೆನ್ಸಿಯೆನ್, 1847ರಲ್ಲಿ. ಲಾಂಗಿಸೆಪ್ಸ್ ಅಂದರೆ ಉದ್ದ ತಲೆ. ಅಳೆದು ನೋಡಿ, ಬಾಲ ಬಿಟ್ಟರೆ ಮೈಯ ಸುಮಾರು ಮೂರನೇ ಒಂದು ಭಾಗ ತಲೆಯೇ. ಹೊಟ್ಟೆಯ ರೆಕ್ಕೆಯಲ್ಲಿ ಒಂಬತ್ತು ಕಡ್ಡಿ ಎಣಿಸಿ. ಅದರ ಹಾಗೇ ಕಾಣುವ ಬೇರೆ ಹಲವು ಸಾರ್ಡಿನ್‌ಗಳಿಗೆ ಎಂಟೇ. ಕಿವಿರಿನ ಹಿಂದೆ ಮಾಸಿದ ಹೊಂಬಣ್ಣದ ಚುಕ್ಕೆ, ಮುಚ್ಚಳದ ಅಂಚಿನಲ್ಲಿ ಕಪ್ಪು ಮಚ್ಚೆ. ಇಷ್ಟಾದರೆ ಅದು ಬೂತಾಯಿಯೇ. ಉತ್ತರ ಕನ್ನಡದಲ್ಲಿ ತಾರ್ಲೆ, ಕುಂದಾಪುರದ ಕಡೆ ಬೈಗೆ, ಕೇರಳದಲ್ಲಿ ಮತ್ತಿ. ಬಹುಕಾಲದಿಂದಲೂ ಇದನ್ನು ಹೆರಿಂಗ್ ಜೊತೆ ಕ್ಲುಪಿಡೆ ಕುಟುಂಬದಲ್ಲೇ ಇಟ್ಟಿದ್ದರು. 2022ರಲ್ಲಿ ಡಿಎನ್‌ಎ ಆಧರಿಸಿದ ಹೊಸ ವರ್ಗೀಕರಣ ಬಂದು ಡೊರೊಸೊಮ್ಯಾಟಿಡೆ ಎಂಬ ಬೇರೆ ಮನೆಗೆ ಕಳಿಸಿತು. ಪಾಲು ಬೇರೆಯಾಯಿತು, ರಕ್ತ ಸಂಬಂಧ ಹಾಗೇ ಉಳಿಯಿತು.

ಈ ವಂಶಾವಳಿಯನ್ನು ಜಗತ್ತಿಗೆ ಒಟ್ಟಾಗಿ ಬರೆದುಕೊಟ್ಟವರು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಪೀಟರ್ ವೈಟ್‌ಹೆಡ್. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ ಅವರು ಮಾಡಿದ ಸೂಚಿಯ ಮೊದಲ ಭಾಗ 1985ರಲ್ಲಿ ಬಂತು. ಅದಕ್ಕೂ ಮುಂಚೆ, 17ನೇ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ಬರೆಸಿದ ಮೀನಿನ ಚಿತ್ರಗಳನ್ನು ಹುಡುಕುತ್ತ ಅವರು ವರ್ಷಗಟ್ಟಲೆ ಅಲೆದರು. ಎರಡನೇ ಮಹಾಯುದ್ಧದಲ್ಲಿ ಬರ್ಲಿನ್ ಗ್ರಂಥಾಲಯದಿಂದ ಸಾಗಿಸಿದ ಪೆಟ್ಟಿಗೆಗಳ ಜೊತೆ ಅವು ಕಾಣೆಯಾಗಿದ್ದವು. ಆ ಹುಡುಕಾಟ 1970ರ ದಶಕದಲ್ಲಿ ಪೋಲೆಂಡಿನ ಕ್ರಾಕೋವ್‌ನ ಯಾಗೆಲೋನಿಯನ್ ಗ್ರಂಥಾಲಯದಲ್ಲಿ ಕೊನೆಗೊಂಡಿತು. ಮೀನಿನ ಚಿತ್ರಗಳ ಜೊತೆಗೆ ಅಲ್ಲಿ ಏನಿತ್ತು ಗೊತ್ತೇ? ಕಳೆದೇಹೋದವು ಎಂದುಕೊಂಡಿದ್ದ ಮೊಜಾರ್ಟ್, ಬಾಖ್, ಬೀಥೋವನ್‌ರ ಸ್ವಹಸ್ತಾಕ್ಷರದ ಸಂಗೀತ ಹಸ್ತಪ್ರತಿಗಳು! ಮೀನಿನ ಬೆನ್ನುಹತ್ತಿದ ಮನುಷ್ಯ ಸಂಗೀತದ ನಿಧಿಯ ಎದುರು ಹೋಗಿ ನಿಂತಿದ್ದ.

ಇವು ಇಲ್ಲದ ನೀರೆಲ್ಲಿ?

ಭೂಪಟ ತೆರೆಯಿರಿ. ಉತ್ತರಕ್ಕೆ 70 ಡಿಗ್ರಿ ಅಕ್ಷಾಂಶದವರೆಗೆ, ದಕ್ಷಿಣಕ್ಕೆ ಸುಮಾರು 60 ಡಿಗ್ರಿಯವರೆಗೆ ಈ ಬಳಗ ಹಬ್ಬಿದೆ. ಅಂಟಾರ್ಕ್ಟಿಕದ ಹಿಮನೀರೊಂದು ಬಿಟ್ಟರೆ ಎಲ್ಲ ಸಾಗರಗಳಲ್ಲೂ ಇದೆ, ಉಷ್ಣವಲಯದಲ್ಲಿ ಅತಿ ಹೆಚ್ಚು ಬಗೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಹೆರಿಂಗ್ ಹಿಂಡುಗಳು ಎಷ್ಟು ದೊಡ್ಡವೆಂದರೆ, ಅಮೆರಿಕದ ಪೂರ್ವ ತೀರದ ಜಾರ್ಜಸ್ ಬ್ಯಾಂಕ್‌ನಲ್ಲಿ ಶಬ್ದತರಂಗಗಳಿಂದ ಚಿತ್ರ ತೆಗೆದ ವಿಜ್ಞಾನಿಗಳಿಗೆ ಒಂದೇ ಹಿಂಡಿನಲ್ಲಿ ಸುಮಾರು 25 ಕೋಟಿ ಮೀನು ಸಿಕ್ಕವು. ಸಂಜೆಯಾದಂತೆ ಒಂದು ಮೂಲೆಯಲ್ಲಿ ಮೀನುಗಳು ಒತ್ತೊತ್ತಾದವು, ಆ ಒತ್ತು ಅಲೆಯಂತೆ ಹರಡಿ ಮೈಲುಗಟ್ಟಲೆ ಹಿಂಡು ಕಟ್ಟಿಕೊಂಡಿತು. 2009ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪೆಸಿಫಿಕ್‌ನಲ್ಲಿ ಹೆರಿಂಗ್ ಮೊಟ್ಟೆಯಿಡುವ ಕಾಲಕ್ಕೆ ಕೆನಡಾದ ವ್ಯಾಂಕೂವರ್ ದ್ವೀಪದ ಅಂಚಿನ ಕಡಲು ಗಂಡುಮೀನುಗಳ ವೀರ್ಯದಿಂದ ಹಾಲಿನಂತೆ ಬೆಳ್ಳಗಾಗುತ್ತದೆ, ಉಪಗ್ರಹದ ಚಿತ್ರದಲ್ಲೂ ಕಾಣುತ್ತದೆ. ಇತ್ತ ಬಾಲ್ಟಿಕ್‌ನಲ್ಲಿ ಸ್ವೀಡನ್ನಿನ ನೌಕಾಪಡೆ ವರ್ಷಗಟ್ಟಲೆ ನೀರಿನೊಳಗೆ ನಿಗೂಢ ಸದ್ದುಗಳನ್ನು ಕೇಳಿ, ಪರದೇಶದ ಜಲಾಂತರ್ಗಾಮಿ ಎಂದು ಶಂಕಿಸಿತ್ತು. 1996ರಲ್ಲಿ ಮ್ಯಾಗ್ನಸ್ ವಾಲ್‌ಬೆರ್ಗ್ ಮತ್ತು ಹೋಕನ್ ವೆಸ್ಟರ್‌ಬೆರ್ಗ್ ಎಂಬ ವಿಜ್ಞಾನಿಗಳಿಗೆ ಆ ಸದ್ದು ಕೇಳಿಸಿದಾಗ ಗುಟ್ಟು ಹೊರಬಿತ್ತು. ಹೆರಿಂಗ್‌ನ ಗಾಳಿಚೀಲಕ್ಕೆ ಗುದದ ಬಳಿ ಹೊರದಾರಿ ಇದೆ. ಅಲ್ಲಿಂದ ಹೊರಟ ಗುಳ್ಳೆಗಳ ಸದ್ದೇ ಅದು! ಕತ್ತಲಲ್ಲಿ ಹೆರಿಂಗ್‌ಗಳು ಹೀಗೆ ಸದ್ದು ಮಾಡುವುದು ಹೆಚ್ಚೆಂದೂ, ಜೊತೆಗಾರರು ಹೆಚ್ಚಿದಂತೆ ಸದ್ದೂ ಹೆಚ್ಚುತ್ತದೆಂದೂ ಬೇರೆ ಸಂಶೋಧಕರು 2003ರಲ್ಲಿ ತೋರಿಸಿದರು. ಇರುಳಲ್ಲಿ ಹಿಂಡು ಚದುರಿಹೋಗದಂತೆ ಒಬ್ಬರನ್ನೊಬ್ಬರು ಕೂಗಿಕೊಳ್ಳುವ ಬಗೆ ಇದಿರಬಹುದೆಂದು ಅವರ ಊಹೆ.

ಉಪ್ಪುನೀರಿಗೇ ಇವು ನಿಂತಿಲ್ಲ. ಇಲಿಷ್ ಗಂಗೆಯನ್ನೇರಿ ಒಂದು ಕಾಲಕ್ಕೆ ಆಗ್ರಾವರೆಗೂ ಹೋಗುತ್ತಿತ್ತು. 1975ರಲ್ಲಿ ಫರಕ್ಕಾ ಬ್ಯಾರೇಜ್ ಬಂದು ದಾರಿ ಕಟ್ಟಿತು. ಆಫ್ರಿಕಾದ ಒಡಲಿನಲ್ಲಿರುವ, ಕಡಲಿನಿಂದ ನೂರಾರು ಮೈಲು ದೂರದ ಟಾಂಗನ್ಯೀಕಾ ಸರೋವರದಲ್ಲಿ ಎರಡು ಬಗೆಯ ಸಾರ್ಡಿನ್‌ಗಳಿವೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಪಶ್ಚಿಮ ಆಫ್ರಿಕಾದೊಳಕ್ಕೆ ಕಡಲು ನುಗ್ಗಿದ್ದ ಕಾಲದ ಪೂರ್ವಜರ ಸಂತಾನ ಅವು. ಇರುಳು ದೋಣಿಗಳಲ್ಲಿ ದೀಪ ಹಚ್ಚಿ ಅವನ್ನು ಕರೆದು ಹಿಡಿಯುತ್ತಾರೆ. ಅಮೆಜಾನ್ ಜಲಾನಯನದ ಅಮೆಜಾನ್‌ಸ್ಪ್ರಾಟಸ್ ಸಿಂಟಿಲ್ಲಾ ಪೂರ್ತಿ ಬೆಳೆದರೂ ಸುಮಾರು ಎರಡು ಸೆಂಟಿಮೀಟರ್, ನನ್ನ ಹೆಬ್ಬೆರಳ ಗೆಣ್ಣಿಗಿಂತ ಗಿಡ್ಡ. ಹೆಸರಿನ ಅರ್ಥವೇ ಕಿಡಿ. ಬೋರ್ನಿಯೊದ ನದಿಗಳಲ್ಲಿ ಹುರುಪೆಯೇ ಇಲ್ಲದ, ಗಾಜಿನಂತೆ ಪಾರದರ್ಶಕವಾದ ಸುಂಡಸಲಾಂಕ್ಸ್ ಇದೆ. ಬೆಳೆದರೂ ಮರಿಯ ರೂಪ ಬಿಡದ ಅದನ್ನು ಬಹುಕಾಲ ಬೇರೆ ಕುಲದ್ದೆಂದೇ ತಿಳಿದಿದ್ದರು. ಎಲುಬುಗಳನ್ನು ಮತ್ತೆ ಪರೀಕ್ಷಿಸಿದಾಗ, 1997ರಲ್ಲಿ, ಅದೂ ಹೆರಿಂಗ್ ಮನೆತನದ್ದೇ ಎಂದು ತಿಳಿಯಿತು.

ಇನ್ನು ಅಜ್ಜನ ಮನೆ. ಬೆನಿನ್, ನೈಜೀರಿಯಾ, ಕ್ಯಾಮರೂನ್‌ಗಳ ಕಡಲಂಚಿನ ಸಣ್ಣ ಹೊಳೆಗಳಲ್ಲಿ ಡೆಂಟಿಸೆಪ್ಸ್ ಎಂಬ ಪುಟ್ಟ ಮೀನಿದೆ. ವಿಜ್ಞಾನಕ್ಕೆ ಅದು ಪರಿಚಯವಾದದ್ದು 1959ರಲ್ಲಿ. ತಲೆಯ ಮೇಲೆಲ್ಲ ನಾಲ್ಕು ದಿನದ ಗಡ್ಡದಂತೆ ಪುಟ್ಟ ಪುಟ್ಟ ಹಲ್ಲುಗಳು! ಉಳಿದವರು ಕಳೆದುಕೊಂಡ ಪಾರ್ಶ್ವರೇಖೆಯನ್ನು ಇದು ಪೂರ್ತಿಯಾಗಿ ಉಳಿಸಿಕೊಂಡಿದೆ. ಇಡೀ ಗಣದ ಅತಿ ಹಳೆಯ ಕವಲಿನಲ್ಲಿ ಬದುಕುಳಿದ ಒಂದೇ ಒಂದು ಪ್ರಭೇದ.

ಅಮೆರಿಕದ ವ್ಯೋಮಿಂಗ್‌ನಲ್ಲಿ ಬೂದುಬಣ್ಣದ ಸುಣ್ಣಕಲ್ಲು ಸೀಳಿದರೆ ನೈಟಿಯಾ ಎಂಬ ಮೀನಿನ ಅಚ್ಚು ಸಿಗುತ್ತದೆ, ಒಂದಲ್ಲ, ಹಿಂಡುಹಿಂಡಾಗಿ. ಸುಮಾರು ಐದು ಕೋಟಿ ವರ್ಷ ಹಿಂದಿನ ಹೆರಿಂಗ್ ಬಂಧು. 1987ರಲ್ಲಿ ಆ ರಾಜ್ಯ ಅದನ್ನೇ ತನ್ನ ರಾಜ್ಯ ಪಳೆಯುಳಿಕೆಯಾಗಿ ಆರಿಸಿಕೊಂಡಿತು. ಅದರ ಛಾಯಾಚಿತ್ರವನ್ನು ದೊಡ್ಡದು ಮಾಡಿ ಹೊಟ್ಟೆಯ ಅಂಚು ನೋಡಿದೆ. ಗರಗಸ ಅಲ್ಲೇ ಇತ್ತು. ಹಿಮಾಲಯ ಇನ್ನೂ ತಲೆಯೆತ್ತುತ್ತಿದ್ದ ಕಾಲದ ಕಲ್ಲಿನಲ್ಲಿ, ನನ್ನ ಬೆರಳು ತಡವಿದ ಅದೇ ಹಲ್ಲುಗಳು!

ಮಳೆಯ ಮಗು

ಇಷ್ಟು ದೊಡ್ಡ ಬಳಗದಲ್ಲಿ ನಮ್ಮ ಬೂತಾಯಿಯ ಸೀಮೆ ಚಿಕ್ಕದು. ಏಡನ್ ಕೊಲ್ಲಿ, ಒಮಾನ್, ಪಾಕಿಸ್ತಾನದ ತೀರ, ಭಾರತದ ಕರಾವಳಿ. 1980ರ ದಶಕದವರೆಗೂ ನಮ್ಮ ದೇಶದಲ್ಲಿ ಇದರ ಭಂಡಾರ ಎಂದರೆ ಕೊಲ್ಲಂನಿಂದ ರತ್ನಗಿರಿವರೆಗಿನ ಪಟ್ಟಿಯೇ. ಆಮೇಲೆ ಪೂರ್ವ ಕರಾವಳಿಯಲ್ಲೂ ಹೇರಳವಾಗಿ ಸಿಗತೊಡಗಿತು.

ಆ ಪಟ್ಟಿಯೇ ಏಕೆ? ಮುಂಗಾರು! ಜೂನ್‌ನಲ್ಲಿ ಗಾಳಿ ಬೀಸಿದಾಗ ಕರಾವಳಿಯ ಮೇಲ್ಪದರದ ನೀರು ಆಚೆ ಸರಿಯುತ್ತದೆ, ತಳದ ತಣ್ಣನೆಯ, ಗೊಬ್ಬರದಂಥ ನೀರು ಮೇಲೇಳುತ್ತದೆ. ಡಯಾಟಮ್‌ಗಳು ಉಕ್ಕಿ ಬೆಳೆಯುತ್ತವೆ. ಬೂತಾಯಿ ಮೊಟ್ಟೆಯಿಡುವುದೂ ಆಗಲೇ. ನಾವು ಮನೆಯೊಳಗೆ ಕೂತು ಹಪ್ಪಳ ಸುಡುವ ಆ ತಿಂಗಳುಗಳಲ್ಲಿ ಹೊರಗೆ ಕಡಲು ತನ್ನ ಮಕ್ಕಳಿಗೆ ಉಣಿಸುತ್ತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ ಇರುವುದರ ಹಿಂದೆ ಈ ಬಾಣಂತನವೂ ಇದೆ.

ಮಳೆ, ಗಾಳಿ, ಪಾಚಿ ಮೂರನ್ನೂ ನಂಬಿದ ಬದುಕು ಇದು. ಮೂರರಲ್ಲಿ ಒಂದು ತಪ್ಪಿದರೂ ಬುಟ್ಟಿ ಬರಿದು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕ ಮತ್ತಿ 2021ರಲ್ಲಿ 3,297 ಟನ್‌ಗೆ ಇಳಿಯಿತು. ಹತ್ತು ಸೆಂಟಿಮೀಟರಿಗಿಂತ ಚಿಕ್ಕ ಮರಿ ಹಿಡಿಯಬಾರದೆಂದು ಅಲ್ಲಿ ಕಾನೂನಿದೆ. ಎಣ್ಣೆಗೆ, ಮೀನುಹಿಟ್ಟಿಗೆ ಎಂದು ಮರಿಗಳನ್ನು ಗೋರುವ ಪ್ರತಿ ಬಲೆಯೂ ಮುಂದಿನ ಮಳೆಗಾಲದ ಮೊಟ್ಟೆಗಳನ್ನೇ ಗೋರುತ್ತದೆ. ರಂಪಣಿ ಬಲೆ ಎಳೆದ ನಮ್ಮ ಹಿರಿಯರು ಕಂಡ ಬೆಳ್ಳಿಯ ರಾಶಿಯನ್ನು ನಮ್ಮ ಮೊಮ್ಮಕ್ಕಳೂ ಕಾಣಬೇಕೆಂಬುದು ನನ್ನ ಎದೆಯಾಳದ ಆಸೆ.

2023ರಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಮೀನಿನ ಪೂರ್ತಿ ಜೀನೋಮ್ ಓದಿದರು. ನೂರು ಕೋಟಿಗೂ ಹೆಚ್ಚು ಅಕ್ಷರಗಳು, 46,316 ವಂಶವಾಹಿಗಳು. ಭಾರತದ ಕಡಲಮೀನುಗಳಲ್ಲಿ ಹೀಗೆ ಮೊದಲು ಓದಿಸಿಕೊಂಡದ್ದು ನಮ್ಮ ಬೂತಾಯಿ! ಬಡವರ ಮೀನೆಂದು ಕರೆಸಿಕೊಂಡದ್ದಕ್ಕೆ ಸಿಕ್ಕ ಈ ಮೊದಲ ಮಣೆ ಕಂಡು ನನಗೆ ಸ್ವಂತ ಮನೆಯವರಿಗೆ ಬಹುಮಾನ ಬಂದಷ್ಟು ಹಿಗ್ಗಾಯಿತು.

ಇವತ್ತು ಮೀನು ಶುಚಿ ಮಾಡಿ, ಹುಳಿ ಹಾಕಿ, ಒಲೆಯ ಮೇಲಿಟ್ಟು ಬಂದೆ. ಎರಡು ಸಲ ಸೋಪು ಹಚ್ಚಿ ತೊಳೆದರೂ ಮಣಿಕಟ್ಟಿನ ಬಳಿ ಒಂದು ಹುರುಪೆ ಅಂಟಿಕೊಂಡಿದೆ. ಕಿಟಕಿಗೆ ಹಿಡಿದೆ. ಕೈ ಹೊರಳಿಸಿದಂತೆಲ್ಲ ಅದು ಒಮ್ಮೆ ಬೆಳ್ಳಿ, ಒಮ್ಮೆ ನೀಲಿ, ಒಮ್ಮೆ ಇಲ್ಲವೇ ಇಲ್ಲ. ಅದನ್ನು ಒರೆಸಿಹಾಕಲು ಮನಸ್ಸು ಬರುತ್ತಿಲ್ಲ.